ಮಧ್ಯಾಹ್ನದ ಮಗ್ಗ

ನನ್ನ ಗಂಡ ತೀರಿಕೊಂಡ ಮೇಲೂ ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಮಗ್ಗದ ಸದ್ದು ನಿಂತಿರಲಿಲ್ಲ. ಮಧ್ಯಾಹ್ನ ನಾನು ರೊಟ್ಟಿ ಬಡಿಯಲು ಕೂತಾಗಲೇ ಶುರುವಾಗುತ್ತಿತ್ತು. ಮೊದಲು ಲಾಳಿ ಸರ್ರನೆ ಓಡುವುದು, ಹಿಂದೆಯೇ ನೂಲು ಬಿಗಿಯುವ ಹಣಿಗೆಯ ಪೆಟ್ಟು. ಎದ್ದು ಹೋಗಿ ನೋಡಿದರೆ ಮಗ್ಗದ ಕುಣಿಯಲ್ಲಿ ಯಾರೂ ಇಲ್ಲ. ಅವರು ಅರ್ಧಕ್ಕೆ ಬಿಟ್ಟ ಸೀರೆಯ ಮೇಲೆ ಧೂಳು.

ಬಾಯಿ ತಪ್ಪಿ ಹೇಳಿಬಿಟ್ಟೆ. ಆಮೇಲೆ ನೋಡಿ, ಬುದ್ಧಿ ಹೇಳುವವರ ಸಾಲು! ಮಕ್ತಲ್‌ನಿಂದ ಅಣ್ಣ ಬಂದು, "ಎಲ್ಲಾ ನಿನ್ನ ಭ್ರಮಾ. ನಡಿ, ನಮ್ಮನ್ಯಾಗ ನಾಕು ದಿನ ಇರು" ಅಂದ. ಗದ್ವಾಲದ ಮೈದುನ ಮಗ್ಗವನ್ನೇ ಬಿಚ್ಚಿ ಹಾಕೋಣ ಅಂದ. ಪಕ್ಕದ ಮನೆಯಾಕೆ ಗಾಳಿ ಸೋಕಿದೆಯೆಂದು ನಿಂಬೆಹಣ್ಣು ನಿವಾಳಿಸಿ ಹೋದಳು. ಎಲ್ಲರೂ ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದರು. ನನಗೆ ಮೈ ಉರಿಯುತ್ತಿದ್ದುದೂ ಅದಕ್ಕೇ. ನನಗೆ ನಿಜವಾಗಿಯೂ ತಲೆ ಕೆಟ್ಟಿದೆಯೇ ಎಂಬ ಹೆದರಿಕೆ ಒಳಗೊಳಗೇ ಕೊರೆಯುತ್ತಿತ್ತು, ಅದನ್ನು ಯಾರೂ ಕೇಳಲಿಲ್ಲ.

ಅತ್ತೆ ಮಾತ್ರ ಸುಮ್ಮನಿದ್ದರು. ಬಾಯಿ ಜೋರಿನ ಹೆಂಗಸು, ಸಾರಿನ ಉಪ್ಪಿಗೂ ನನ್ನ ಮೇಲೆ ಹರಿಹಾಯುತ್ತಿದ್ದವರು. ಮಗ ಹೋದ ಮೇಲೆ ಮಾತೇ ಬಿಟ್ಟಿದ್ದರು.

ಒಂದು ಮಧ್ಯಾಹ್ನ ಸದ್ದು ಕೇಳಿ ನನ್ನ ಕೈ ರೊಟ್ಟಿಯ ಮೇಲೆ ನಿಂತಿತು. ಒಲೆಯ ಆಚೆ ಕೂತಿದ್ದ ಅತ್ತೆ ಮೆಲ್ಲಗೆ ಕೇಳಿದರು:

"ಬಂದನೇನು?"

ಹೂಂ ಅಂದೆ.

"ಹೆಂಗ ಹೊಡ್ಯಾಕತ್ತಾನ? ಜೋರೋ, ಮೆತ್ತಗೋ?"

"ಮೆತ್ತಗರೀ, ಅತ್ತಿ."

"ಸೊಂಟ ನೋಯ್ತಿರಬೇಕು. ಹೇಳಿದ್ದು ಕೇಳೂದಿಲ್ಲ ಅವ" ಎಂದು ಮಗನನ್ನು ಬೈದರು. ಇಬ್ಬರೂ ಕೂತು ಅತ್ತೇಬಿಟ್ಟೆವು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

"ನಿಮಗೂ ಕೇಳ್ತೈತೇನ್ರೀ?" ಅಂದೆ.

"ನನಗೆಲ್ಲಿ ಕೇಳ್ಬೇಕವ್ವಾ? ನಿನ್ನ ಕೈ ನಿಲ್ತೈತಲ್ಲ, ಆಗ ಗೊತ್ತಾಗ್ತೈತಿ."

ಮಗ್ಗ ಬಿಚ್ಚಲು ಮೈದುನ ಸುತ್ತಿಗೆ ಹಿಡಿದು ಬಂದ ದಿನ ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಇರ್ಲಿ ಬಿಡು" ಅಂದರು ಅಷ್ಟೇ. ಅವನು ಚಹಾ ಕುಡಿದು ಗದ್ವಾಲದ ಬಸ್ಸು ಹತ್ತಿದ.

ಆಮೇಲಾಮೇಲೆ ದಿನಾ ವಿಚಾರಣೆ. ಜೋರೋ, ಮೆತ್ತಗೋ? ಹೇಳುತ್ತ ಹೇಳುತ್ತ ನನ್ನ ಹೆದರಿಕೆ ಕರಗಿತು. ಸದ್ದೂ ತೆಳುವಾಗುತ್ತ ಬಂತು. ಒಂದು ದಿನ ಕೊನೆಯ ರೊಟ್ಟಿ ಹಂಚಿನ ಮೇಲೆ ಹಾಕಿದ ಮೇಲೆ ಹೊಳೆಯಿತು, ಇವತ್ತು ಏನೂ ಕೇಳಿಸಲೇ ಇಲ್ಲ. ನಿರಾಳ ಆಗಬೇಕಿತ್ತು. ಆಗಲಿಲ್ಲ, ನನ್ನವರು ಎರಡನೇ ಸಲ ಹೋದ ಹಾಗಾಯಿತು.

ತಲೆ ಎತ್ತಿದೆ. ಅತ್ತೆಯ ತಟ್ಟೆಯಲ್ಲಿ ರೊಟ್ಟಿ ಹಾಗೇ ಇತ್ತು. ಅವರು ನನ್ನ ಕೈಯನ್ನೇ ನೋಡುತ್ತಿದ್ದರು.

"ಇವತ್ತು ಬರ್ಲಿಲ್ಲೇನವ್ವಾ?"

ಇಷ್ಟು ದಿನ ನನ್ನನ್ನು ಸಂತೈಸುತ್ತಿದ್ದಾರೆ ಅಂದುಕೊಂಡಿದ್ದೆ. ಅವರಿಗೆ ಮಗನ ಸುದ್ದಿ ಸಿಗುತ್ತಿದ್ದುದೂ ನನ್ನ ಈ ಕೈಯಿಂದಲೇ.

"ಬಂದಾರ್ರೀ" ಅಂದೆ. "ಈಗ ಶುರು ಮಾಡ್ಯಾರ. ಇವತ್ತು ಜೋರೈತಿ. ಸೊಂಟದ ನೋವು ಕಡಿಮಿ ಆದಂಗ ಕಾಣ್ತೈತಿ."

ಅತ್ತೆ ರೊಟ್ಟಿ ಮುರಿದರು.

ಮಗ್ಗ ಆಮೇಲೆ ಎಂದೂ ಬಡಿಯಲಿಲ್ಲ. ದಿನಾ ಮಧ್ಯಾಹ್ನ ರೊಟ್ಟಿ ಬಡಿಯುತ್ತ ಬಡಿಯುತ್ತ ನಾನೇ ಕೈ ನಿಲ್ಲಿಸುತ್ತೇನೆ.