ಬ್ಯಾರೆ ಆದ ಬ್ಯಾಟರಿ

ನನ್ನ ರಿಮೋಟ್ ಕಾರಿಗೆ ಎಂಟು ಸೆಲ್ಲಿನ ಬ್ಯಾಟರಿ ಬಂದಿತ್ತು. ಮೋಟರಿಗೆ ಅದು ಹಬ್ಬದೂಟ. ಆದರೆ ರಿಮೋಟಿನ ಮಾತು ಕೇಳುವ ರಿಸೀವರಿಗೆ ಅಷ್ಟು ವೋಲ್ಟೇಜ್ ಕೊಟ್ಟರೆ ಸುಟ್ಟೇ ಹೋಗುತ್ತದೆ. ಅದಕ್ಕೆ ಒಂದು ಪುಟ್ಟ ಬ್ಯಾಟರಿ ಬೇರೆ ಇಟ್ಟೆ.

ಪುಣೆಯ ನಮ್ಮ ಬಿಲ್ಡಿಂಗಿನಲ್ಲಿ ಅಣ್ಣನ ಮನೆ ಮೇಲೆ, ನನ್ನದು ಕೆಳಗೆ. ಹೋದ ವರ್ಷ ಅಡುಗೆ ಬೇರೆ ಮಾಡಿಕೊಂಡೆವು. ನಮ್ಮೂರು ಧಾರವಾಡದ ಕಡೆ ಇದಕ್ಕೆ ‘ಬ್ಯಾರೆ ಆಗೋದು’ ಅಂತಾರೆ. ಬ್ಯಾರೆ ಅಂದಮೇಲೆ ಪೂರಾ ಬ್ಯಾರೆ, ಅದು ನನ್ನ ಹಟ. ಮಾತೂ ಬಿಟ್ಟಿದ್ದೆ.

ಕಾರಿನಲ್ಲೂ ಹಾಗೇ ಮಾಡಿದೆ. ಮೋಟರಿನ ಕಡೆಯಿಂದ ರಿಸೀವರಿಗೆ ಬರುವ ಮೂರು ತಂತಿಗಳಲ್ಲಿ, ಸುದ್ದಿ ಒಯ್ಯುವ ಬಿಳಿಯದನ್ನಷ್ಟೇ ಬಿಟ್ಟು ಕೆಂಪು, ಕರಿ ಎರಡನ್ನೂ ಕತ್ತರಿಸಿದೆ. ಪಾರ್ಕಿಂಗಿನಲ್ಲಿ ಇಟ್ಟು ರಿಮೋಟ್ ಒತ್ತಿದರೆ ಮುಂದಿನ ಗಾಲಿಗಳು ಎಡಕ್ಕೆ ಬಲಕ್ಕೆ ಹೊರಳುತ್ತವೆ, ಕಾರು ಮಾತ್ರ ಜಪ್ಪಯ್ಯ ಅಂದರೂ ಕದಲದು. ಸಿಟ್ಟಿಗೆ ಒದೆಯುವುದೊಂದು ಬಾಕಿ.

ಸ್ಕೂಟರ್ ತೆಗೆಯಲು ಬಂದ ಅಣ್ಣ ಬಗ್ಗಿ ನೋಡಿದ.

“ಕೆಂಪು ಕಡದದ್ದು ಬರೋಬರಿ. ಕರೀದು ಯಾಕ ಕಡದಿ? ಅದು ಗ್ರೌಂಡು. ಉಣ್ಣೋದು ಬ್ಯಾರೆ ಆದ್ರೂ ನೆಲ ಒಂದೇ ಇರಬೇಕು. ಇಲ್ಲಾಂದ್ರ ಇವನು ಹೇಳಿದ್ದು ಅವನಿಗೆ ತಿಳಿಯೂದಿಲ್ಲ.”

ತಂತಿಯ ಬಗ್ಗೆಯೇ ಹೇಳಿದನೋ ಏನೋ, ಮುಖ ನೋಡಿದರೆ ಗೊತ್ತಾಗಲಿಲ್ಲ. ಕರಿ ತಂತಿ ಕೂಡಿಸಿ ರಿಮೋಟ್ ಒತ್ತಿದೆ. ಕಾರು ಚಂಗನೆ ಹಾರಿತು.

ಅಣ್ಣ ಸ್ಕೂಟರಿನತ್ತ ತಿರುಗಿದ. ಉಂಡು ಹೋಗು ಅನ್ನಲು ಬಾಯಿ ಬರಲಿಲ್ಲ.

“ಚಹಾ ಮಾಡ್ತೀನಿ, ಬಾ” ಅಂದೆ.

“ಸಕ್ಕರಿ ಎಷ್ಟಂತ ನೆನಪದ ಏನು?” ಅಂದ.