ಜನರಲ್ ವಾರ್ಡಿನ ಸತ್ಕಾರ

ಮೊದಲು ಬಂದದ್ದು ವಾಸನೆ. ಕೆರೂರಿನಿಂದ ಬಾದಾಮಿಗೆ ಜೀಪು ತಂದು ನಿಲ್ಲಿಸಿ, ಇಲಿ ಸತ್ತಿರಬೇಕೆಂದು ಸೀಟಿನ ಕೆಳಗೆಲ್ಲ ಹುಡುಕಿದೆ. ಬೂಟು ಬಿಚ್ಚಿದ ಮೇಲೆ ಗೊತ್ತಾಯಿತು. ವಾಸನೆ ನನ್ನ ಬಲಗಾಲಿನದು. ಹೆಬ್ಬೆರಳು ಕಪ್ಪಾಗಿತ್ತು. ನೋವೇ ಇರಲಿಲ್ಲ. ಶುಗರ್ ಇದ್ದವರಿಗೆ ಹಾಗೆಯೇ ಅಂತೆ, ಕಾಲು ಕೊಳೆತರೂ ತಿಳಿಯುವುದಿಲ್ಲ.

ಬಾಗಲಕೋಟೆಯ ಡಾಕ್ಟರು ಗ್ಯಾಂಗ್ರೀನ್ ಎಂದರು. ಎರಡು ದಿನ ಆಂಟಿಬಯೋಟಿಕ್ ಕೊಟ್ಟರು. ಮೂರನೆಯ ದಿನ ನನ್ನ ಹೆಂಡತಿ ಮಹಾದೇವಿಯ ಸಹಿ ತೆಗೆದುಕೊಂಡರು.

ಮೊಣಕಾಲಿನ ಕೆಳಗೆ ಏನೂ ಉಳಿಯಲಿಲ್ಲ.

ಹತ್ತೊಂಬತ್ತು ವರ್ಷ ಸರ್ಕಾರಿ ಕಚೇರಿಯೊಂದರ ಜೀಪು ಓಡಿಸಿದವನು ನಾನು. ಆಪರೇಶನ್ ಆಗಿ ವಾರಕ್ಕೆ ಕಚೇರಿಯವರು ವಾರ್ಡಿಗೆ ಬಂದರು. ಮ್ಯಾನೇಜರು ಶಾಲು ಹೊದಿಸಿದರು, ಮಾಲೆ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟು ಫೋಟೊ ತೆಗೆಸಿಕೊಂಡರು. ಆಮೇಲೆ ಬುಟ್ಟಿಯ ಪಕ್ಕದಲ್ಲಿ ಟೈಪು ಮಾಡಿದ ಹಾಳೆಯೊಂದನ್ನು ಇಟ್ಟರು. ಸ್ವಂತ ಇಚ್ಛೆಯಿಂದ ನಿವೃತ್ತಿ ಕೇಳುತ್ತಿದ್ದೇನೆ ಎಂದು ಅದರಲ್ಲಿತ್ತು. ಕಾಲಿಲ್ಲದ ಡ್ರೈವರನನ್ನು ಇಟ್ಟುಕೊಂಡು ಏನು ಮಾಡುವುದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಇನ್ನು ಆರಾಮಾಗಿರು ಎಂದರು. ನಮ್ಮ ಕಡೆ ಸತ್ಕಾರವೆಂದರೆ ತಲೆ ಬಾಗಿಸಿ ಕೂಡಬೇಕು. ಮಾಲೆ ಕೊರಳಲ್ಲಿರುವಾಗ ಒಲ್ಲೆ ಎನ್ನುವುದು ಹೇಗೆ? ಸಹಿ ಮಾಡಿದೆ. ಸಾಲದ್ದಕ್ಕೆ ಕೈಯನ್ನೂ ಮುಗಿದೆ. ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಕಣ್ಣು ತೆರೆಸಿದವಳು ಫಿಜಿಯೋಥೆರಪಿ ಮಾಡಿಸುವ ಹುಡುಗಿ. ನೌಕರಿಯಲ್ಲಿದ್ದಾಗ ಅಂಗವಿಕಲನಾದವನನ್ನು ಸರ್ಕಾರಿ ಕಚೇರಿ ತೆಗೆಯುವಂತಿಲ್ಲ, ಅದೇ ಪಗಾರದ ಬೇರೆ ಕೆಲಸ ಕೊಡಬೇಕು, ಹಾಗಂತ ಕಾಯ್ದೆಯೇ ಇದೆ ಎಂದು ಮೊಬೈಲಿನಲ್ಲಿ ತೋರಿಸಿದಳು. ನನ್ನ ಅರ್ಜಿ ಇನ್ನೂ ಮಂಜೂರಾಗಿರಲಿಲ್ಲ. ಮರುದಿನವೇ ಅದನ್ನು ವಾಪಸು ಪಡೆಯುವ ಪತ್ರ ಹಿಡಿದು ಮಹಾದೇವಿ ಕಚೇರಿಗೆ ಹೋದಳು. ಸ್ವೀಕೃತಿಯ ಸಿಕ್ಕಾ ಹೊಡೆಸಿಕೊಳ್ಳದೆ ಏಳಲಿಲ್ಲ. ಇಷ್ಟು ಮರ್ಯಾದೆ ಮಾಡಿದ ಮೇಲೆ ಹೀಗೆ ಮಾಡಬಹುದೇ ಎಂದು ಮ್ಯಾನೇಜರು ಮುಖ ಸಣ್ಣದು ಮಾಡಿದರಂತೆ.

"ಮರ್ಯಾದಿ ನೀವ ಇಟ್ಕೊರ್ರಿ, ನೌಕರಿ ನಮಗಿರ್ಲಿ" ಎಂದು ಬಂದಳು.

ಈಗ ಟಪಾಲು ವಿಭಾಗದಲ್ಲಿ ಕೂಡುತ್ತೇನೆ. ಪಗಾರ ಅದೇ. ಕೃತಕ ಕಾಲು ಉಜ್ಜಿ ಉಜ್ಜಿ ಚರ್ಮ ಕೆಂಪಾಗುತ್ತದೆ. ಪಾಪ ಅಂತ ಇಟ್ಟುಕೊಂಡಿದ್ದೇವೆ ಎಂದು ಮ್ಯಾನೇಜರು ಬಂದವರ ಮುಂದೆಲ್ಲ ಹೇಳುತ್ತಾರೆ. ಕೇಳಿದಾಗಲೆಲ್ಲ ಅವರ ಮೇಲೆ ಹೇಸಿಗೆಯಾಗುತ್ತದೆ.

ಅದಕ್ಕಿಂತ ಹೆಚ್ಚು ಹೇಸಿಗೆ ನನ್ನ ಮೇಲೆಯೇ. ಆರು ವರ್ಷದ ಹಿಂದೆ ನಮ್ಮ ಕಚೇರಿಯ ಜವಾನ ಹುಸೇನಸಾಬರ ಕಣ್ಣು ಹೋಯಿತು. ಆಗಲೂ ಇಂಥದೇ ಶಾಲು, ಇಂಥದೇ ಹಾಳೆ. ಚೊಳಚಗುಡ್ಡದ ಅವರ ಮನೆಗೆ ಅವನ್ನು ಒಯ್ದದ್ದು ನನ್ನ ಜೀಪು. ಕಾಣದ ಮನುಷ್ಯನ ಹೆಬ್ಬೆಟ್ಟು ಹಿಡಿದು ಹಾಳೆಯ ಮೇಲೆ ಒತ್ತಿಸಿದವನು ನಾನು.

ಹೋದ ರವಿವಾರ ಅವರ ಮನೆಗೆ ಹೋದೆ. ಕೋಲಿನ ಸಪ್ಪಳಕ್ಕೆ ಯಾರೆಂದು ಕೇಳಿದರು. ಎಲ್ಲವನ್ನೂ ಹೇಳಿದೆ. ನನ್ನ ನೌಕರಿ ಉಳಿದದ್ದಕ್ಕೆ ನನಗಿಂತ ಹೆಚ್ಚು ಖುಷಿಪಟ್ಟರು. ಆಮೇಲೆ ಕೇಳಿದರು.

"ನನ್ನ ಹೊತ್ತಿನ್ಯಾಗ ಈ ಕಾಯ್ದೆ ಇದ್ದಿದ್ದಿಲ್ಲೇನಪಾ?"

ಇಲ್ಲ ಎಂದುಬಿಡಬಹುದಿತ್ತು.

"ಇತ್ರಿ, ಚಾಚಾ."

ಅವರು ಕೈ ಚಾಚಿ ನನ್ನ ಮೊಣಕಾಲು ಹುಡುಕಿದರು. ಅಲ್ಲಿಂದ ಕೆಳಗೆ ಪ್ಲಾಸ್ಟಿಕ್ಕಿನ ಕಾಲನ್ನು ಮೆಲ್ಲಗೆ ಸವರುತ್ತ ಹೋಗಿ, ಭಾಳ ನೋಯ್ತದೇನು ಎಂದು ಕೇಳಿದರು.

ಹೂಂ ಎಂದೆ.