ಬಾಯಾಗ ಬೇರು ಇರೋತನಕ

ಕಾಕುವಿನ ಎಡಗೆನ್ನೆ ಸದಾ ಒಂದಿಷ್ಟು ಉಬ್ಬಿಕೊಂಡಿರುತ್ತಿತ್ತು. ಒಳಗೆ ಜೇಷ್ಠಮಧದ ಚೂರು, ಭಾಲ್ಕಿ ಬಜಾರಿನಿಂದ ತರಿಸಿದ ಸಿಹಿ ಬೇರು. ಆಕೆ ನನ್ನ ಚಿಕ್ಕಪ್ಪನ ಹೆಂಡತಿ. ಖಟಕ ಚಿಂಚೋಳಿಯಲ್ಲಿ ಯಾರಿಗೆ ಕೆಮ್ಮು ಹತ್ತಿದರೂ ನಮ್ಮ ಮನೆಗೇ ಬರುತ್ತಿದ್ದರು. ಮೊದಲು ಕೆಮ್ಮಿಸಿ ಕೇಳುವಳು. ಕಫವಿದ್ದರೆ ಶುಂಠಿ ರಸ. ಒಣಕೆಮ್ಮಾದರೆ ಬೆಚ್ಚನೆಯ ತುಪ್ಪದಲ್ಲಿ ಚಿಟಿಕೆ ಮೆಣಸಿನ ಪುಡಿ, ಆಮೇಲೆ ದವಡೆಗೆ ಜೇಷ್ಠಮಧ. ಬೇರು ಬಾಯಲ್ಲಿರುವ ತನಕ ತುಟಿ ಬಿಚ್ಚಕೂಡದು, ಅದೇ ಪಥ್ಯ.

ಇನ್ನು ನಮ್ಮ ದೊಡ್ಡಪ್ಪ, ಮನೆಯ ಯಜಮಾನರು. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯನ್ನು ಹೆಂಗಸರಿಗೆ ಮಾತ್ರ ಹೇಳುತ್ತಿದ್ದವರು. ಕಾಕುವಿನ ಮಗಳು, ಅಂದರೆ ನನ್ನ ಅಕ್ಕ, ಪಿಯುಸಿ ಮುಗಿಸುತ್ತೇನೆಂದು ಅತ್ತಾಗ, ಮದುವೆ ಇನ್ನೊಂದು ವರ್ಷ ತಡೆಯಿರೆಂದು ಕಾಕು ಕೇಳಿಕೊಂಡಿದ್ದಳು. ಬೀಗರ ಎದುರಿಗೇ ದೊಡ್ಡಪ್ಪ ಗದರಿದರು: "ಗಂಡಸರ ನಡುವ ಬಾಯಿ ಹಾಕಬ್ಯಾಡ." ಅಕ್ಕ ಅಳುತ್ತಲೇ ಔರಾದಿಗೆ, ಗಂಡನ ಮನೆಗೆ ಹೋದಳು. ಕಾಕು ಎಲ್ಲ ಮರೆತಳೆಂದು ಮನೆಯವರು ತಿಳಿದರು. ಆಕೆ ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದಳು.

ಆಮೇಲೆ ನನ್ನ ಸರದಿ ಬಂತು. ನನಗೆ ಬೀದರಿನಲ್ಲಿ ಕಾನೂನು ಓದುವ ಆಸೆ; ದೊಡ್ಡಪ್ಪ ಮನ್ನಳ್ಳಿಯಿಂದ ವರನ ಕಡೆಯವರನ್ನು ಕರೆಸಿದರು. ಅಪ್ಪ ಅಣ್ಣನ ಎದುರು ತಲೆ ಎತ್ತುವವರಲ್ಲ. ನಮ್ಮಲ್ಲಿ ಹಿರಿಯರು ಬಾಯಿಬಿಟ್ಟು ‘ಕೊಟ್ಟೀವಿ’ ಎಂದರೇ ಸಂಬಂಧ ಗಟ್ಟಿಯಾಗಿ ಸಕ್ಕರೆ ಹಂಚುವುದು. ಆದರೆ ತೊಗರಿ ರಾಶಿಯ ಧೂಳಿಗೆ ದೊಡ್ಡಪ್ಪನ ಗಂಟಲು ಕಟ್ಟಿತ್ತು. ‘ಕೊ’ ಎನ್ನುವಷ್ಟರಲ್ಲಿ ಕೆಮ್ಮು ಒತ್ತಿಕೊಂಡು ಬಂತು.

ಕಾಕು ಸೆರಗು ಹೊದ್ದು ಬಂದು ತುಪ್ಪ ಕುಡಿಸಿದಳು, ಬೇರು ಕೈಗಿಟ್ಟಳು. "ಇದು ಬಾಯಾಗ ಇರೋತನಕ ಮಾತಾಡಬ್ಯಾಡ್ರಿ ಭಾವಾರ, ಗುಣ ಆಗಂಗಿಲ್ಲ."

ದೊಡ್ಡಪ್ಪ ದವಡೆಗೆ ಇಟ್ಟುಕೊಂಡರು. ಆಕೆ ಬಂದವರತ್ತ ತಿರುಗಿದಳು. "ನಮ್ಮ ಹುಡುಗಿ ಇನ್ನಾ ಓದಾಕಿ ಅದಾಳ್ರಿ. ಭಾವಾರ ಮನಸ್ಸಿನಾಗೂ ಅದೇ ಅದರಿ. ಅವರಿಗಿ ಕೆಮ್ಮು, ಅದಕ್ಕ ನಾ ಹೇಳ್ತೇನಿ."

ದೊಡ್ಡಪ್ಪ ಅಲ್ಲವೆನ್ನಲು ಬಾಯಿ ತೆರೆದರು. ಬಂದದ್ದು ಬರೀ ಕೆಮ್ಮು. ಅದರ ಭರಕ್ಕೆ ಅಲ್ಲಾಡಿದ ತಲೆಯನ್ನು ಬಂದವರು ‘ಹೌದು’ ಎಂದೇ ತಿಳಿದು ಎದ್ದು ಹೋದರು. ತಮ್ಮನ ಹೆಂಡತಿ ತಮ್ಮ ಬಾಯಿ ಕಟ್ಟಿದಳೆಂದು ಹೇಳಿಕೊಳ್ಳುವುದಕ್ಕಿಂತ, ಮಾತು ತಮ್ಮದೇ ಎಂದು ಒಪ್ಪುವುದು ದೊಡ್ಡಪ್ಪನಿಗೆ ಲೇಸೆನಿಸಿತು. ಆಹಾ, ಅವರ ಆ ಮುಖ! ನೆನೆದರೆ ಇಂದಿಗೂ ಹೊಟ್ಟೆ ತಣ್ಣಗಾಗುತ್ತದೆ.

ಒಳಗೆ ಕಾಕುವಿನ ಕಾಲು ಹಿಡಿಯಹೋದೆ. ಆಕೆ ಸರಿದು ನಿಂತಳು. "ಇದು ನಿನ್ನ ಸಲುವಾಗಿ ಅಲ್ಲವ್ವಾ. ನನ್ನ ಮಗಳ ಸಲುವಾಗಿ."

ಕಾಕು ಹೋದ ವರುಷ ತೀರಿಕೊಂಡಳು. ಸೇರಿದ ಜನರ ಮುಂದೆ ದೊಡ್ಡಪ್ಪ ಎದ್ದು ನಿಂತರು: "ಸಾಧ್ವಿ. ಒಂದು ದಿನ ನನಗ ಎದುರಾಡಿದಾಕಿ ಅಲ್ಲ." ನನ್ನ ಮೈ ಉರಿಯಿತು. ಸತ್ತ ಮೇಲೂ ಆಕೆಯ ಬಾಯಿ ಮುಚ್ಚುತ್ತಾರೆಯೇ? ಎದ್ದು, ತುಪ್ಪದಿಂದ ಹಿಡಿದು ಆ ಕೆಮ್ಮಿನವರೆಗೆ ಎಲ್ಲವನ್ನೂ ಊರಿನ ಮುಂದೆ ಹೇಳಿದೆ. ಬೀದರಿನ ಕೋರ್ಟಿನಲ್ಲಿ ವಾದ ಮಾಡುವುದೇ ನನ್ನ ಹೊಟ್ಟೆಪಾಡು. ಯಾವ ಕೇಸು ಗೆದ್ದಾಗಲೂ ಅಷ್ಟು ಸುಖವಾಗಿಲ್ಲ. ಈಗ್ಯಾಕೆ ಬಿಡು ಎಂದು ಹಿರಿಯರೊಬ್ಬರು ನನ್ನ ಕೈ ಜಗ್ಗಿದರು.

ಹೆಂಗಸರ ನಡುವೆ ಕುಳಿತಿದ್ದ ಅಕ್ಕ, ಹೊರಗಿದ್ದ ತನ್ನ ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. "ಮತ್ತೊಮ್ಮಿ ಹೇಳು," ಅಂದಳು. "ಈಕಿ ಕೇಳ್ಲಿ."

ಮೊದಲಿನಿಂದ ಹೇಳಿದೆ.